ಬಾರದ ಮಗುವಿನ ಲೆಕ್ಕ

ದಡಾರಕ್ಕೆ ಅಮೆರಿಕದಲ್ಲಿ 1963ರಲ್ಲೇ ಲಸಿಕೆ ಬಂದಿತ್ತು. ಆದರೂ 1989ರಿಂದ 1991ರವರೆಗಿನ ಮೂರು ವರ್ಷಗಳಲ್ಲಿ ಆ ದೇಶದ 55 ಸಾವಿರಕ್ಕೂ ಹೆಚ್ಚು ಮಂದಿಗೆ ದಡಾರ ತಗುಲಿತು. 120ಕ್ಕೂ ಹೆಚ್ಚು ಮಂದಿ ಸತ್ತರು. ರೋಗ ಹೆಚ್ಚಾಗಿ ಕಾಡಿದ್ದು ಲಾಸ್ ಏಂಜಲೀಸ್, ಷಿಕಾಗೊ, ನ್ಯೂಯಾರ್ಕ್‌ನಂಥ ಮಹಾನಗರಗಳ ಬಡವರ ಬಡಾವಣೆಗಳನ್ನು. ಅಲ್ಲಿಯೂ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳನ್ನು.

ಇದಕ್ಕೆ ಕಾರಣ ಉಂಟು. ಶಾಲೆಗೆ ಸೇರಿಸುವಾಗ ಲಸಿಕೆಯ ಪತ್ರ ತೋರಿಸಬೇಕೆಂಬ ಕಾನೂನು ಅಷ್ಟರಲ್ಲಿ ಎಲ್ಲ ರಾಜ್ಯಗಳಲ್ಲೂ ಇತ್ತು. ಹೀಗಾಗಿ ಶಾಲೆಯ ಮಕ್ಕಳ ಲೆಕ್ಕ ಸಿಗುತ್ತಿತ್ತು. ಮನೆಯಲ್ಲಿರುವ ಎರಡು ವರ್ಷದ ಮಗುವನ್ನು ಕೇಳುವವರಿರಲಿಲ್ಲ. ವೈದ್ಯರ ಕಡತದಲ್ಲಿ ಇರುವುದು ಬಂದವರ ಹೆಸರು ಮಾತ್ರ. ಬಾಡಿಗೆ ಹೆಚ್ಚಾಯಿತೆಂದು ಕುಟುಂಬ ಬೇರೆ ಬಡಾವಣೆಗೆ ಹೋದರೆ ಕಡತ ಹಳೆಯ ದವಾಖಾನೆಯಲ್ಲೇ ಉಳಿಯುತ್ತಿತ್ತು. ತಮ್ಮಲ್ಲಿಗೆ ಬರುವ ಮಕ್ಕಳಿಗೆ ಎಲ್ಲ ಲಸಿಕೆಯೂ ಆಗಿದೆ ಎಂದೇ ಬಹುತೇಕ ವೈದ್ಯರು ತಿಳಿದಿದ್ದರು.

ಈ ಪಿಡುಗಿನ ನಂತರ ನಗರಗಳು ಕಂಪ್ಯೂಟರ್ ದಾಖಲೆಯತ್ತ ಹೊರಳಿದವು. ನ್ಯೂಯಾರ್ಕ್ ನಗರ 1997ರಲ್ಲಿ ತನ್ನ ಲಸಿಕೆ ನೋಂದಣಿಯನ್ನು ಆರಂಭಿಸಿ, ಮಕ್ಕಳಿಗೆ ಕೊಟ್ಟ ಪ್ರತಿ ಚುಚ್ಚುಮದ್ದನ್ನೂ ವರದಿ ಮಾಡಬೇಕೆಂದು ವೈದ್ಯರಿಗೆ ವಿಧಿಸಿತು. ಅದರ ನಿಜವಾದ ಜಾಣ್ಮೆ ಇದ್ದುದು ಇನ್ನೊಂದು ಕಡೆ. ಮಗುವಿನ ಹೆಸರು ದವಾಖಾನೆಯಿಂದ ಬರುವವರೆಗೆ ಅದು ಕಾಯಲಿಲ್ಲ; ನಗರದ ಜನನ ದಾಖಲೆಯಿಂದಲೇ ಪಡೆಯಿತು. ಹುಟ್ಟಿದ ಮಗುವಿಗೆ ಮೊದಲೇ ಒಂದು ಪುಟ ಸಿದ್ಧ. ಪುಟ ಖಾಲಿ ಇದ್ದರೆ ಅದೇ ಸುದ್ದಿ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದು ಕಡೆ ಅಡ್ಡಹೆಸರು, ಇನ್ನೊಂದು ಕಡೆ ತಪ್ಪು ಕಾಗುಣಿತ; ಒಂದೇ ಮಗು ದಾಖಲೆಯಲ್ಲಿ ಇಬ್ಬರಾಗುತ್ತಿತ್ತು. ಹಾಗಾದರೆ ಒಂದು ಚುಚ್ಚುಮದ್ದು ಹೆಚ್ಚು ಬೀಳಬಹುದು, ಅಷ್ಟೆ. ಆದರೆ ಇಬ್ಬರು ಮಕ್ಕಳನ್ನು, ಅದರಲ್ಲೂ ಅವಳಿಗಳನ್ನು, ಯಂತ್ರ ಒಂದೇ ಎಂದುಕೊಂಡರೆ ಒಬ್ಬರಿಗೆ ಲಸಿಕೆಯೇ ತಪ್ಪಿಹೋಗುತ್ತದೆ. ಈ ಗಂಟು ಬಿಡಿಸಲು ಆರೋಗ್ಯ ಇಲಾಖೆಗೆ ವರ್ಷಗಳೇ ಹಿಡಿದವು.

ಇಂಥ ದಾಖಲೆಯ ಬೆಲೆ ತಿಳಿದದ್ದು 2005ರ ಆಗಸ್ಟ್‌ನಲ್ಲಿ. ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೂಸ್ಟನ್ ಸೇರಿದರು. ಲಸಿಕೆಯ ಚೀಟಿಗಳು ನೀರುಪಾಲಾಗಿದ್ದವು. ಲೂಯಿಸಿಯಾನದ ನೋಂದಣಿಯನ್ನು ಹೂಸ್ಟನ್ನಿನ ನೋಂದಣಿಯೊಂದಿಗೆ ಜೋಡಿಸಿದ್ದರಿಂದ ಸಾವಿರಾರು ಮಕ್ಕಳ ದಾಖಲೆ ಸಿಕ್ಕಿತು. ಎಲ್ಲವನ್ನೂ ಮೊದಲಿನಿಂದ ಚುಚ್ಚುವುದು ತಪ್ಪಿತು.

ನಮ್ಮಲ್ಲಿ ತಾಯಿ-ಮಕ್ಕಳ ಹೆಸರು ಹಿಡಿದು ಲೆಕ್ಕವಿಡುವ ಗಣಕ ವ್ಯವಸ್ಥೆ 2009ರಲ್ಲಿ ಬಂತು. ದೇಶದ ಯಾವ ಊರಿನಲ್ಲಾದರೂ ಮುಂದಿನ ಲಸಿಕೆ ಪಡೆಯಲು ನೆರವಾಗುವ ‘ಯು-ವಿನ್’ 2023ರಲ್ಲಿ ಪ್ರಯೋಗವಾಗಿ ಆರಂಭವಾಯಿತು. ನಮ್ಮ ತೊಡಕು ಬೇರೆಯೇ. ಚಂಡಮಾರುತ ಬೇಕಿಲ್ಲ, ಬಾಣಂತನ ಸಾಕು. ಬೆಂಗಳೂರಿನ ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೋಗುತ್ತಾಳೆ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದು ಅಲ್ಲಿ ಆಗುತ್ತವೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ ಬೀಳಬೇಕಾದಾಗ ಮಗು ಬೆಂಗಳೂರಿನಲ್ಲಿರುತ್ತದೆ. ತಾಯಿ ಕಾರ್ಡು ಕೆಲವೊಮ್ಮೆ ತವರಿನ ಬೀರುವಿನಲ್ಲೇ ಉಳಿದಿರುತ್ತದೆ. ನಾಮಕರಣವಾಗಿ ತಿಂಗಳುಗಳೇ ಕಳೆದಿದ್ದರೂ ಹೆರಿಗೆ ಆಸ್ಪತ್ರೆಯ ದಾಖಲೆಯಲ್ಲಿ ಆ ಮಗು ಇನ್ನೂ ‘ಬೇಬಿ ಆಫ್’ ಎಂದು ತಾಯಿಯ ಹೆಸರಿನಲ್ಲೇ ಇರುತ್ತದೆ.