ನರಿಗೆ ಏನಾಯಿತು?

ನನ್ನ ತಂಗಿಯ ಮಗಳಿಗೆ ಐದು ವರ್ಷ. ಊಟಕ್ಕೆ ಕೂತರೆ ಕತೆ ಬೇಕು, ಕತೆಯಲ್ಲಿ ಪ್ರಾಣಿಗಳಿರಬೇಕು, ಅವು ಮಾತಾಡಲೂ ಬೇಕು. ಮೊಸಳೆಯ ಬೆನ್ನೇರಿ ನಡುನೀರಿಗೆ ಬಂದ ಕೋತಿ, ಗುಂಡಿಗೆಯನ್ನು ಮರದಲ್ಲೇ ಮರೆತು ಬಂದೆನೆಂದು ಹೇಳಿ ಪಾರಾಗುವ ಕತೆಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ ತುತ್ತು ಬಾಯಲ್ಲಿಟ್ಟುಕೊಂಡೇ, ‘ಗುಂಡಿಗೆ ಮರದಲ್ಲಿದ್ರೆ ಕೋತಿಗೆ ಹೆದರಿಕೆ ಎಲ್ಲಿ ಆಗತ್ತೆ?’ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮರುದಿನ ಸಿಂಹ ಮತ್ತು ಎತ್ತಿನ ಕತೆ. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಗಾಢ ಗೆಳೆತನ. ದಮನಕನೆಂಬ ನರಿ ಇಬ್ಬರ ಬಳಿಯೂ ಚಾಡಿ ಹೇಳುತ್ತದೆ. ಸಿಂಹ ಗೆಳೆಯನನ್ನೇ ಕೊಲ್ಲುತ್ತದೆ. ‘ನರಿಗೆ ಏನಾಯ್ತು ದೊಡ್ಡಮ್ಮಾ?’ ಎಂದು ಕೇಳಿದಳು. ‘ಎಲ್ಲರೂ ಸೇರಿ ಕಾಡಿನಿಂದ ಓಡಿಸಿದರು’ ಎಂದೆ. ಅದು ಸುಳ್ಳು.

ಸಂಸ್ಕೃತ ಪಂಚತಂತ್ರದಲ್ಲಿ ನರಿಗೆ ಏನೂ ಆಗುವುದಿಲ್ಲ. ಗೆಳೆಯನನ್ನು ಕೊಂದು ಮರುಗುತ್ತಿರುವ ಸಿಂಹವನ್ನು ಸಮಾಧಾನ ಮಾಡುವವನೂ ದಮನಕನೇ. ಜೈನ ವಿದ್ವಾಂಸ ಪೂರ್ಣಭದ್ರ 1199ರಲ್ಲಿ ಸಿದ್ಧಪಡಿಸಿದ ಪಾಠದಲ್ಲಿ ಅವನೇ ಮಂತ್ರಿಯಾಗಿ ಉಳಿಯುತ್ತಾನೆ. ಇದರಲ್ಲಿ ಆಶ್ಚರ್ಯವೇನಿಲ್ಲ. ವಿಷ್ಣುಶರ್ಮ ಈ ಕತೆಗಳನ್ನು ಹೇಳಿದ್ದು ಓದು ಹತ್ತದ ಮೂವರು ರಾಜಕುಮಾರರಿಗೆ, ಆರೇ ತಿಂಗಳಲ್ಲಿ ರಾಜನೀತಿ ಕಲಿಸುತ್ತೇನೆಂದು ಮಾತು ಕೊಟ್ಟು. ನಾಳೆ ಸಿಂಹಾಸನದಲ್ಲಿ ಕೂರುವವನಿಗೆ ಆಸ್ಥಾನದಲ್ಲಿ ಚಾಡಿಕೋರರು ಹೇಗೆ ಬದುಕುತ್ತಾರೆಂಬುದು ಗೊತ್ತಿರಬೇಕು. ಅವರಿಗೆ ಶಿಕ್ಷೆಯಾಯಿತೆಂದು ಕತೆ ಕಟ್ಟಿದರೆ ಪಾಠವೇ ಕೆಟ್ಟಿತು. ಅಂಥ ಪುಸ್ತಕವನ್ನು ನಾವು ಮಕ್ಕಳ ಪುಸ್ತಕವೆಂದು ಬಣ್ಣದ ಚಿತ್ರ ಹಾಕಿ ಮಾರುತ್ತಿದ್ದೇವೆ.

ಆದರೆ ಈ ಮುಕ್ತಾಯ ಕಂಡು ತಳಮಳಗೊಂಡವಳು ನಾನೊಬ್ಬಳೇ ಅಲ್ಲ. ಆರನೆಯ ಶತಮಾನದಲ್ಲಿ, ಇರಾನಿನ ದೊರೆ ಖುಸ್ರೋ ಅನುಶಿರ್ವಾನನ ಕಾಲದಲ್ಲಿ, ಬುರ್ಜೋಯ್ ಎಂಬ ವೈದ್ಯ ಈ ಕತೆಗಳನ್ನು ಪಹ್ಲವಿ ಭಾಷೆಗೆ ತಂದ. ಎಂಟನೆಯ ಶತಮಾನದ ನಡುವಿನಲ್ಲಿ ಇಬ್ನ್ ಅಲ್-ಮುಕಫ್ಫಾ ಅದನ್ನು ಅರಬ್ಬಿಗೆ ಅನುವಾದಿಸಿದ. ಅಲ್ಲಿ ಕರಟಕ, ದಮನಕರೇ ಕಲೀಲ, ದಿಮ್ನ; ಪುಸ್ತಕದ ಹೆಸರೂ ಅದೇ. ಈ ಅರಬ್ಬಿ ಪುಸ್ತಕದಲ್ಲಿ ಮೂಲದಲ್ಲಿಲ್ಲದ ಒಂದು ಅಧ್ಯಾಯವಿದೆ: ದಿಮ್ನನ ವಿಚಾರಣೆ. ಅದನ್ನು ಸೇರಿಸಿದವನು ಮುಕಫ್ಫಾನೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನರಿಗಳಿಬ್ಬರ ಮಾತು ಚಿರತೆಯ ಕಿವಿಗೆ ಬೀಳುತ್ತದೆ. ಅದು ಸಿಂಹದ ತಾಯಿಗೆ ತಿಳಿಸುತ್ತದೆ. ದಿಮ್ನನನ್ನು ಸೆರೆಗೆ ಹಾಕಿ ಎಲ್ಲರೆದುರು ಪ್ರಶ್ನಿಸುತ್ತಾರೆ. ಅವನೋ ಒಳ್ಳೆಯ ವಕೀಲನ ಹಾಗೆ ಪ್ರತಿ ಆರೋಪಕ್ಕೂ ಮಾತಿಗೆ ಮಾತು ಕೊಡುತ್ತಾನೆ. (ಇಡೀ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಭಾಗವಿದು.) ಕಡೆಗೆ ಸಾಕ್ಷಿ ಸಿಕ್ಕಿ ಸಾಯುತ್ತಾನೆ. ಆಸ್ಥಾನದ ಕಾರ್ಯದರ್ಶಿಯಾಗಿದ್ದ ಮುಕಫ್ಫಾನಿಗೆ ದಿಮ್ನನಂಥವರು ಅಪರಿಚಿತರೇನಲ್ಲ. ಕೆಲವೇ ವರ್ಷಗಳಲ್ಲಿ ಅವನನ್ನೇ ಬಸ್ರಾದಲ್ಲಿ ಕೊಂದರು.

ಕನ್ನಡಕ್ಕೆ ಈ ಕತೆಗಳು ಬಂದ ದಾರಿ ಬೇರೆ. ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಕಾಲದಲ್ಲಿ, ಸುಮಾರು 1031ರಲ್ಲಿ, ದುರ್ಗಸಿಂಹ ‘ಕರ್ಣಾಟಕ ಪಂಚತಂತ್ರ’ವನ್ನು ಚಂಪುವಾಗಿ ಬರೆದ. ಅವನು ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಾನದ ವ್ಯವಹಾರ ನೋಡಿಕೊಳ್ಳುವ ಮಂತ್ರಿ. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಹಿಡಿದ. ಆ ಪಾಠದ ಸಂಸ್ಕೃತ ಮೂಲ ಇಂದು ಸಿಕ್ಕಿಲ್ಲ. ದೂರದ ಜಾವಾದ ತಂತ್ರಿ ಕತೆಗಳು ನಮ್ಮ ಈ ಕಾವ್ಯಕ್ಕೆ ಹತ್ತಿರದ ನೆಂಟರು. ದುರ್ಗಸಿಂಹನೂ ಮೊದಲು ಹೇಳುವುದು ಭೇದ ಪ್ರಕರಣವನ್ನೇ: ಸಿಂಹ, ಎತ್ತು, ನರಿ. ಸಂಧಿವಿಗ್ರಹಿಗೆ ಅದು ದಿನನಿತ್ಯದ ಕಡತವಾಗಿದ್ದಿರಬೇಕು.

ಕಾವ್ಯ ಓದುಬಲ್ಲವರಿಗಾಯಿತು. ಉಳಿದವರಿಗೆ? ಅದೇ ಶತಮಾನದಲ್ಲಿ, ಅದೇ ಚಾಲುಕ್ಯರ ನಾಡಿನ ಬಳ್ಳಿಗಾವಿಯಲ್ಲಿ ಎದ್ದ ತ್ರಿಪುರಾಂತಕ ದೇವಾಲಯದಲ್ಲಿ ಪಂಚತಂತ್ರದ ಕತೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಯಾವ ಅಜ್ಜಿ ಯಾವ ಮೊಮ್ಮಗನಿಗೆ ಅವನ್ನು ತೋರಿಸಿ ಏನು ಹೇಳಿದಳೋ. ಕಲ್ಲಿನಲ್ಲಿ ಕಂಡದ್ದಕ್ಕೆ ಮುಂದಿನದನ್ನು ಸೇರಿಸುವುದು ಹೇಳುವವಳ ಕೈಯಲ್ಲಿತ್ತು.

ವಾರ ಕಳೆದ ಮೇಲೆ ಧೈರ್ಯಮಾಡಿ ಹುಡುಗಿಗೆ ನಿಜ ಹೇಳಿದೆ. ನರಿಯನ್ನು ಯಾರೂ ಓಡಿಸಲಿಲ್ಲ, ಅದು ಸಿಂಹದ ಪಕ್ಕದಲ್ಲೇ ಇತ್ತು ಎಂದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ಅನ್ನ ಕಲಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಸಿಂಹಕ್ಕೆ ಇನ್ನೂ ಗೊತ್ತಿಲ್ವಾ?’

‘ಇಲ್ಲ ಪುಟ್ಟಿ.’

‘ಆನೆ ಹೋಗಿ ಹೇಳಲಿ. ಅದು ಎಲ್ಲಾ ಕೇಳಿಸ್ಕೊಂಡಿತ್ತು. ಮರದ ಹಿಂದೆ ಇತ್ತು, ನೀನು ನೋಡ್ಲಿಲ್ಲ.’