ಹೊಟ್ಟೆಯೊಳಗಿನ ತೇಪೆ

ಹೊಟ್ಟೆಯ ಗೋಡೆ ಸಡಿಲಗೊಂಡ ಜಾಗದಲ್ಲಿ ಕರುಳೋ ಕೊಬ್ಬೋ ಹೊರಗೆ ಉಬ್ಬಿ ಬರುವುದೇ ಹರ್ನಿಯಾ. ಮೂಟೆ ಹೊರುವ ಹಮಾಲನನ್ನೂ ಅದು ಬಿಡುವುದಿಲ್ಲ, ಕುರ್ಚಿಯಲ್ಲಿ ಕೂತು ದುಡಿಯುವ ಗುಮಾಸ್ತನನ್ನೂ ಬಿಡುವುದಿಲ್ಲ. 1880ರ ದಶಕದಲ್ಲಿ ಇಟಲಿಯ ಪಡುವಾ ನಗರದ ವೈದ್ಯ ಎಡೊಆರ್ಡೊ ಬಸ್ಸಿನಿ ತೊಡೆಸಂದಿನ ಹರ್ನಿಯಾವನ್ನು ಪದರ ಪದರವಾಗಿ ಹೊಲಿಯುವ ಕ್ರಮವನ್ನು ರೂಪಿಸಿದರು. ಆದರೆ ಜೀರ್ಣವಾದ ಬಟ್ಟೆಯನ್ನು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಅದಕ್ಕೆ ತೇಪೆಯೇ ಬೇಕು.

ತೇಪೆಯ ಹುಡುಕಾಟ ಸುಲಭದ್ದಾಗಿರಲಿಲ್ಲ. ಬೆಳ್ಳಿ ತಂತಿಯ ಜಾಲರಿ ಗಡುಸಾಗಿ ಮುರಿಯಿತು. 1940ರ ದಶಕದಲ್ಲಿ ಬಂದ ಟ್ಯಾಂಟಲಂ ಲೋಹದ ಜಾಲರಿ ಮೈ ಬಾಗಿದಂತೆಲ್ಲ ಬಾಗಿ ತುಂಡಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂಸ್ಟನ್‌ನ ಶಸ್ತ್ರವೈದ್ಯ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ಎಳೆಯ ಜಾಲರಿಯನ್ನು ಬಳಕೆಗೆ ತಂದರು. ಮೊದಲು ಪಾಲಿಎಥಿಲೀನ್, ಆಮೇಲೆ ಪಾಲಿಪ್ರೊಪಿಲೀನ್. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಲಿಕ್ಟೆನ್‌ಸ್ಟೈನ್, ಅಂಚುಗಳನ್ನು ಎಳೆಯದೆ ಜಾಲರಿಯನ್ನು ಹಾಸಿಬಿಡುವ ವಿಧಾನವನ್ನು ಜನಪ್ರಿಯಗೊಳಿಸಿದರು. ಹರ್ನಿಯಾ ಮರುಕಳಿಸುವುದು ಗಣನೀಯವಾಗಿ ತಗ್ಗಿತು.

ಈ ಪ್ಲಾಸ್ಟಿಕ್ ನಿರುಪದ್ರವಿ ಎಂದು ವೈದ್ಯಲೋಕ ನಂಬಿತ್ತು. ದೇಹ ಮಾತ್ರ ನಂಬಲಿಲ್ಲ. ಜಾಲರಿಯ ಎಳೆಯನ್ನು ಅದು ಪರಕೀಯನೆಂದೇ ಗುರುತಿಸುತ್ತದೆ. ಭಕ್ಷಕ ಕೋಶಗಳು ಮುತ್ತಿಕೊಳ್ಳುತ್ತವೆ. ನುಂಗಲಾಗದೆ ಒಂದರೊಳಗೊಂದು ಸೇರಿ ದೈತ್ಯಕೋಶಗಳಾಗುತ್ತವೆ. ಸುತ್ತಲೂ ನಾರಿನಂಥ ಕಲೆ ಕಟ್ಟಿಕೊಳ್ಳುತ್ತದೆ. ವಿಚಿತ್ರವೆಂದರೆ, ಗೋಡೆಗೆ ಬಲ ಕೊಡುವುದೂ ಇದೇ ಕಲೆ, ಅತಿಯಾದರೆ ಕುಗ್ಗಿ ಬಿಗಿದು ನೋಯಿಸುವುದೂ ಇದೇ ಕಲೆ.

ಜರ್ಮನಿಯ ಆಖೆನ್‌ನಲ್ಲಿ ಕ್ಲಿಂಗೆ, ಕ್ಲೋಸ್ಟರ್‌ಹಾಲ್ಫೆನ್, ಶುಂಪೆಲಿಕ್ ಮತ್ತವರ ಸಂಗಡಿಗರು 1990ರ ದಶಕದಿಂದ, ರೋಗಿಗಳ ದೇಹದಿಂದ ಹೊರತೆಗೆದ ಜಾಲರಿಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ವರ್ಷಗಳು ಕಳೆದಿದ್ದರೂ ಎಳೆಗಳ ಸುತ್ತ ಉರಿಯೂತ ಆರಿರಲಿಲ್ಲ. ಕಣ್ಣುಗಳು ತೀರ ಚಿಕ್ಕದಾಗಿದ್ದರೆ ಅಕ್ಕಪಕ್ಕದ ಎಳೆಗಳ ಕಲೆಗಳು ಕೂಡಿಕೊಂಡು ಇಡೀ ಜಾಲರಿ ಗಟ್ಟಿ ಹಲಗೆಯಾಗುತ್ತದೆ. ಒಂದು ಮಿಲಿಮೀಟರ್‌ಗಿಂತ ದೊಡ್ಡದಾಗಿದ್ದರೆ ನಡುವೆ ಮೃದು ಅಂಗಾಂಶ ಉಳಿಯುತ್ತದೆ. ಹಗುರ, ಅಗಲ ಕಣ್ಣಿನ ಜಾಲರಿಗಳು ಹುಟ್ಟಿದ್ದು ಈ ತಿಳಿವಳಿಕೆಯಿಂದ. ನೆನಪಿಡಬೇಕಾದ್ದು, ಅಲ್ಲಿ ನೋಡಿದ್ದು ತೊಂದರೆ ಕೊಟ್ಟು ತೆಗೆಸಿಕೊಂಡ ಜಾಲರಿಗಳನ್ನು. ಬಹುಪಾಲು ಜನರಲ್ಲಿ ಅವು ಸದ್ದಿಲ್ಲದೆ ಇರುತ್ತವೆ.

ಹಾಗೆಂದು ಉಳಿದವರು ನಗಣ್ಯರಲ್ಲ. 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿ, ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಶೇ. 10ರಿಂದ 12ರಷ್ಟು ಜನರನ್ನು ದೀರ್ಘಕಾಲದ ನೋವು ಕಾಡುತ್ತದೆ ಎನ್ನುತ್ತದೆ. ಅದಕ್ಕೆಲ್ಲ ಜಾಲರಿಯೊಂದೇ ಕಾರಣವಲ್ಲ. ಪೆಟ್ಟುಬಿದ್ದ ನರಗಳೂ ಇವೆ. ಆದರೆ ವರ್ಷಗಳ ಮೇಲೆ ನೋವೆಂದು ಬಂದವನಿಗೆ ‘ಎಲ್ಲ ನಿನ್ನ ಮನಸ್ಸಿನ ಭ್ರಮೆ’ ಎನ್ನುವ ಹಕ್ಕು ಇನ್ನು ಯಾವ ವೈದ್ಯನಿಗೂ ಇಲ್ಲ. ತನ್ನೊಳಗೆ ಹೊಲಿದದ್ದು ಯಾವ ಜಾಲರಿ, ಅದು ಜೀವಮಾನವಿಡೀ ಏನು ಮಾಡಬಹುದು ಎಂಬುದನ್ನು ಸಹಿ ಹಾಕುವ ಮೊದಲೇ ಅವನು ತನ್ನ ಭಾಷೆಯಲ್ಲಿ ಕೇಳಿ ತಿಳಿಯಬೇಕು. ತೇಪೆ ಹಾಕಿದವರು ಮರೆಯಬಹುದು, ದೇಹ ಮರೆಯುವುದಿಲ್ಲ.