ಶುಶ್ರೂಷೆಯ ಪದವಿ, ಸಂಶೋಧನೆಯ ಬಾಗಿಲು

1930ರ ದಶಕದ ಭಾರತದಲ್ಲಿ ಶುಶ್ರೂಷೆಯು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿತು ಪ್ರಮಾಣಪತ್ರ ಪಡೆಯುವ ಕಸುಬಾಗಿತ್ತು. ವಿಜ್ಞಾನದಲ್ಲಿ ಹೆಣ್ಣುಮಕ್ಕಳಿಗೆ ಪದವಿ ದೊರೆಯುತ್ತಿತ್ತಾದರೂ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದಾಗ, ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಮೊದಲು ನಿರಾಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನೊಡನೆ ಸೇರಿಸಿಕೊಂಡರು. ಅಂಥ ಷರತ್ತು ಅನ್ಯಾಯವೇ ಸರಿ. ಆದರೂ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದ ಆಕೆ, ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಅಂಗಾಂಶವನ್ನು ಪರೀಕ್ಷಿಸುತ್ತ, ಜೀವಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ‘ಸೈಟೋಕ್ರೋಮ್ ಸಿ’ ಎಂಬ ಪ್ರೋಟೀನು ಸಸ್ಯಗಳಲ್ಲಿಯೂ ಇದೆಯೆಂದು ತೋರಿಸಿ, 1939ರಲ್ಲಿ ಡಾಕ್ಟರೇಟ್ ಪಡೆದರು.

ಶುಶ್ರೂಷೆಯ ಕೊರತೆ ಬೇರೆ ಬಗೆಯದು. ಬ್ರಿಟಿಷ್ ಭಾರತದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯು 1946ರ ವರದಿಯಲ್ಲಿ, ಸುಮಾರು 43,000 ಜನರಿಗೆ ಒಬ್ಬ ದಾದಿ ಮಾತ್ರ ಇದ್ದ ಸ್ಥಿತಿಯನ್ನು ದಾಖಲಿಸಿತು. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನ ಕಾಲೇಜುಗಳಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ ಆರಂಭವಾಗಿ, ರೋಗಿಯ ಆರೈಕೆಯೂ ವಿಶ್ವವಿದ್ಯಾಲಯದ ವಿಷಯವಾಯಿತು. ಶುಶ್ರೂಷೆಯ ಪದವಿಯೋ ಸಂಶೋಧನೆಯೋ ಎಂದು ಹೆಣ್ಣುಮಕ್ಕಳು ಮಾಡುವ ಆಯ್ಕೆಗೆ ನಿಜವಾದ ಅರ್ಥ ಬಂದದ್ದು ಇಲ್ಲಿಂದಲೇ; 1959ರಲ್ಲಿ ದೆಹಲಿಯ ಕಾಲೇಜು ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದ ಮೇಲೆ, ಹಾಸಿಗೆಯ ಬಳಿ ಹುಟ್ಟುವ ಪ್ರಶ್ನೆಗಳನ್ನು ದಾದಿಯರೇ ಕ್ರಮಬದ್ಧವಾಗಿ ಶೋಧಿಸುವ ದಾರಿಯೂ ತೆರೆದುಕೊಂಡಿತು.